ವಕೀಲರು, ವಶೀಲಿ ಮತ್ತು ಬಡ ವಿಧವೆ

ಸಂತ ಲೂಕನ ಶುಭಸಂದೇಶದ ಹದಿನೆಂಟನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಸಾಮತಿಯೊಂದಿದೆ. ದೇವರಿಗೆ ಅಂಜದ, ಜನರನ್ನು ಲೆಕ್ಕಿಸದ ನ್ಯಾಯಾಧೀಶನೊಬ್ಬನ ಬಳಿಗೆ ಅದೇ ಊರಿನ ವಿಧವೆಯೊಬ್ಬಳು ಮತ್ತೆ ಮತ್ತೆ ಹೋಗಿ ತನಗೆ ನ್ಯಾಯ ದೊರಕಿಸಿಕೊಡುವಂತೆ ಬೇಡುತ್ತಾಳೆ. ಕಡೆಗೆ ಆಕೆಯ ಕಾಟ ತಾಳಲಾರದೆ ಅವನು ನ್ಯಾಯ ತೀರಿಸುತ್ತಾನೆ. ಎಡೆಬಿಡದ ಪ್ರಾರ್ಥನೆಯ ಪಾಠವಾಗಿ ನಾವು ಈ ಸಾಮತಿಯನ್ನು ಬೋಧಿಸುವುದುಂಟು. ಒಂದು ಭಾನುವಾರ ಸಕಲೇಶಪುರದ ಸೀಮೆಯಲ್ಲಿ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬಂದಾಗ ಸಣ್ಣ ಕಾಫಿ ಬೆಳೆಗಾರರಾದ ಹಿರಿಯರೊಬ್ಬರು ನಗುತ್ತ ನಮ್ಮೆದುರು ನಿಂತರು. "ಫಾದರ್, ಆ ಹೆಂಗಸಿಗೆ ಒಬ್ಬ ಮಾಜಿ ಎಮ್ಮೆಲ್ಲೆಯ ಪರಿಚಯ ಇದ್ದಿದ್ದರೆ ಅಷ್ಟು ದಿನ ಅಲೆಯಬೇಕಾಗಿರಲಿಲ್ಲ, ಅಲ್ಲವೆ?" ಎಂದರು.

ಸುತ್ತಲಿದ್ದವರು ನಕ್ಕರು, ನಾವೂ ನಕ್ಕೆವು. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ಆ ವಿಧವೆಗೆ ವಕೀಲನಿರಲಿಲ್ಲ, ವಶೀಲಿಯೂ ಇರಲಿಲ್ಲ. ಇವೆರಡೂ ಇಲ್ಲದವರ ಗತಿಯೇನು ಎಂಬ ಪ್ರಶ್ನೆಯನ್ನು ಆ ಹಿರಿಯರು ನಗೆಯಲ್ಲಿ ಸುತ್ತಿ ನಮ್ಮ ಕೈಗಿತ್ತಿದ್ದರು. ಶಾಸನ ರಚಿಸುವ ಸಭೆಯಲ್ಲಿ ಕುಳಿತಿದ್ದವರು ಅಲ್ಲಿಂದ ಹೊರಬಂದು ನ್ಯಾಯಾಲಯದಲ್ಲಿ ವಕಾಲತ್ತು ಹಿಡಿಯುವುದು, ಸರ್ಕಾರದ ಬಾಗಿಲಲ್ಲಿ ಯಾವುದೋ ಒಂದು ಹಿತದ ಪರವಾಗಿ ಮಾತನಾಡುವುದು ನಮ್ಮ ಕಾಲದಲ್ಲಿ ಅಪರೂಪವಲ್ಲ. ಇಂಥ ಬದುಕನ್ನು ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು?

ಮೊದಲು ಪದಗಳನ್ನೇ ನೋಡೋಣ. ವಕೀಲ, ವಶೀಲಿ ಎಂಬೆರಡೂ ಅರಬ್ಬಿ ಮೂಲದಿಂದ ಪಾರಸಿ, ಉರ್ದುಗಳ ದಾರಿ ಹಿಡಿದು ಕನ್ನಡಕ್ಕೆ ಬಂದವು. ವಕೀಲನೆಂದರೆ ಇನ್ನೊಬ್ಬರು ನಂಬಿ ತಮ್ಮ ಕಾರ್ಯವನ್ನು ಒಪ್ಪಿಸಿದ ವ್ಯಕ್ತಿ. ವಶೀಲಿಯ ಮೂಲರೂಪಕ್ಕೆ ಸಾಧನ, ಆಸರೆ ಎಂಬ ಅರ್ಥವಿದೆ. ನಮ್ಮ ಬಾಯಲ್ಲಿ ಅದು ಪ್ರಭಾವ ಬಳಸಿ ಕೆಲಸ ಮಾಡಿಸಿಕೊಳ್ಳುವುದಾಗಿ ಕುಗ್ಗಿತು. ಪತ್ರಿಕೆಗಳು ಬಳಸುವ ಲಾಬಿ ಎಂಬ ಮಾತು ಇಂಗ್ಲೆಂಡಿನದು. ಸದನದ ಹೊರಗಣ ಮೊಗಸಾಲೆಯಲ್ಲಿ ನಿಂತು ಒಳಗಿನ ಸದಸ್ಯರನ್ನು ಒಲಿಸಿಕೊಳ್ಳುವ ಕ್ರಿಯೆಗೆ ಆ ಮೊಗಸಾಲೆಯ ಹೆಸರೇ ಅಂಟಿಕೊಂಡಿತು. ಶಾಸಕನು ಸದನದ ಒಳಗೆ, ವಕೀಲನು ನ್ಯಾಯಪೀಠದ ಮುಂದೆ, ಲಾಬಿಗಾರನು ಮೊಗಸಾಲೆಯಲ್ಲಿ ಮಾತನಾಡುತ್ತಾರೆ. ಮೂವರದೂ ಬೇರೊಬ್ಬರ ಪರವಾದ ಮಾತೇ. ಆದುದರಿಂದಲೇ ಒಬ್ಬನೇ ವ್ಯಕ್ತಿ ಈ ಮೂರು ಸ್ಥಳಗಳಲ್ಲಿಯೂ ಸುಲಭವಾಗಿ ಓಡಾಡಬಲ್ಲ.

ನಮ್ಮ ಮಲೆಸೀಮೆಯಲ್ಲಿಯೇ ಇಂಥ ಬದುಕುಗಳಿವೆ. ಸಕಲೇಶಪುರಕ್ಕೆ ಹೊಂದಿಕೊಂಡ ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯವರಾದ ಡಿ.ಬಿ. ಚಂದ್ರೇಗೌಡರು ಕಾನೂನು ಓದಿದವರು. ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು ಈ ನಾಲ್ಕೂ ಸದನಗಳಲ್ಲಿ ಕುಳಿತ ವಿರಳರಲ್ಲಿ ಅವರು ಒಬ್ಬರು. ರಾಜ್ಯದ ವಿಧಾನಸಭೆಗೆ ಸಭಾಧ್ಯಕ್ಷರಾಗಿದ್ದರು, ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಕಾನೂನು ಮಂತ್ರಿಯಾಗಿದ್ದರು. 1978ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರಿಗಾಗಿ ತಮ್ಮ ಚಿಕ್ಕಮಗಳೂರು ಲೋಕಸಭಾ ಸ್ಥಾನವನ್ನು ಬಿಟ್ಟುಕೊಟ್ಟು ದೇಶದ ಗಮನ ಸೆಳೆದರು. 2023ರ ನವೆಂಬರ್ ತಿಂಗಳಲ್ಲಿ ತೀರಿಕೊಂಡರು. ಮತದಾರರು ಕೊಟ್ಟ ಸ್ಥಾನವನ್ನು ನಾಯಕಿಗೆ ಒಪ್ಪಿಸಿದ್ದು ತ್ಯಾಗವೆಂದವರುಂಟು. ಆ ಸ್ಥಾನ ಅವರದೋ ಮತದಾರರದೋ ಎಂದು ಕೇಳಿದವರೂ ಉಂಟು. ಒಪ್ಪಿಸಿದ ಕಾರ್ಯ ಯಾರದು ಎಂಬ ವಕೀಲಿಯ ಮೂಲ ಪ್ರಶ್ನೆ ಅಲ್ಲಿಯೂ ಇತ್ತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಕೊಡಗಿನ ಎ.ಕೆ. ಸುಬ್ಬಯ್ಯನವರ ಬದುಕು. ಅವರು ವೃತ್ತಿಯಿಂದ ವಕೀಲರು. ಹಲವು ಅವಧಿಗಳಿಗೆ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. 1980ರಲ್ಲಿ ಭಾರತೀಯ ಜನತಾ ಪಕ್ಷವು ಹುಟ್ಟಿದಾಗ ಕರ್ನಾಟಕದಲ್ಲಿ ಅದರ ಮೊದಲ ಅಧ್ಯಕ್ಷರಾದರು. ಆಗಿನ ಗುಂಡೂರಾವ್ ಸರ್ಕಾರದ ವಿರುದ್ಧ ಅವರು ಸದನದಲ್ಲಿ ಎತ್ತಿದ ದನಿಯನ್ನು ನಮ್ಮ ವಯಸ್ಸಿನವರು ಮರೆತಿರಲಾರರು. 1983ರ ಚುನಾವಣೆಯಲ್ಲಿ ಪಕ್ಷವು 18 ಸ್ಥಾನ ಗಳಿಸಿ, ರಾಮಕೃಷ್ಣ ಹೆಗಡೆಯವರ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ನೀಡಿತು. ಬಹುಕಾಲ ಕಳೆಯುವ ಮೊದಲೇ ಪಕ್ಷದೊಡನೆ ಸುಬ್ಬಯ್ಯನವರ ಸಂಬಂಧ ಕಡಿಯಿತು. ತಾವೇ ಕಟ್ಟಿ ಬೆಳೆಸಿದ ಬಳಗದ ಕಟುವಾದ ಟೀಕಾಕಾರರಾಗಿ ಅವರು ಉಳಿದ ಆಯುಷ್ಯವನ್ನು ಕಳೆದರು. ಪಕ್ಷ ಬದಲಿಸಿದರೆಂದು, ಮಾತು ಅತಿಯಾಯಿತೆಂದು ಅವರನ್ನು ಆಕ್ಷೇಪಿಸಿದವರಿದ್ದಾರೆ. ಅವರ ರಾಜಕೀಯವನ್ನು ತೂಗಿ ತೀರ್ಪು ಕೊಡುವುದು ಈ ಅಂಕಣದ ಕೆಲಸವಲ್ಲ. ಶಾಸಕತ್ವ ಮುಗಿದ ಮೇಲೆ ಅವರ ಮಾತು ಯಾರ ಪರವಾಗಿ ಹೊರಟಿತು ಎಂಬುದಷ್ಟೇ ಇಲ್ಲಿ ನಮಗೆ ಮುಖ್ಯ.

2016ರ ಡಿಸೆಂಬರ್ ತಿಂಗಳಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯಭೂಮಿಯ ಒತ್ತುವರಿಯೆಂಬ ಕಾರಣಕ್ಕೆ ಕೆಡವಲಾಯಿತು. ಅವರಲ್ಲಿ ಬಹಳ ಮಂದಿ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಬಾಳಿ, ಸ್ವಂತದ್ದೊಂದು ತುಂಡು ನೆಲ ಬೇಕೆಂದು ಹೊರಬಂದವರು. ಅವರ ಪರವಾಗಿ ನಡೆದ ಹೋರಾಟದಲ್ಲಿ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರೊಂದಿಗೆ ಸುಬ್ಬಯ್ಯನವರೂ ನಿಂತರು. ಆಗ ಸುಬ್ಬಯ್ಯನವರಿಗೆ ಎಂಬತ್ತು ದಾಟಿತ್ತು, ದೊರೆಸ್ವಾಮಿಯವರಿಗೆ ನೂರು ಸಮೀಪಿಸಿತ್ತು. ಆ ಕುಟುಂಬಗಳಿಗೆ ಮುಂದೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ನೆಲೆ ಕಲ್ಪಿಸಲಾಯಿತು. ಸುಬ್ಬಯ್ಯನವರು 2019ರ ಆಗಸ್ಟ್ 27ರಂದು ಮಂಗಳೂರಿನಲ್ಲಿ ನಿಧನರಾದರು. ಉಚ್ಚ ನ್ಯಾಯಾಲಯದಲ್ಲಿ ಹಿರಿಯ ವಕೀಲರಾಗಿದ್ದ ಅವರ ಪುತ್ರ ಎ.ಎಸ್. ಪೊನ್ನಣ್ಣನವರು 2023ರಲ್ಲಿ ವಿರಾಜಪೇಟೆಯಿಂದ ವಿಧಾನಸಭೆಗೆ ಆಯ್ಕೆಯಾದರು. ನ್ಯಾಯಾಲಯದಿಂದ ಸದನಕ್ಕೆ, ಸದನದಿಂದ ನ್ಯಾಯಾಲಯಕ್ಕೆ ಸಾಗುವ ದಾರಿ ಹೀಗೆ ಸದಾ ತೆರೆದೇ ಇದೆ.

ಈ ದಾರಿಗೆ ಕಾನೂನಿನ ಅಡ್ಡಿಯೇನೂ ಇಲ್ಲ. ಶಾಸಕರು, ಸಂಸದರು ವಕೀಲಿ ವೃತ್ತಿ ನಡೆಸುವುದನ್ನು ತಡೆಯಬೇಕೆಂಬ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 25ರಂದು ತಳ್ಳಿಹಾಕಿತು. ಪೂರ್ಣಾವಧಿ ಸಂಬಳದ ನೌಕರರು ವಕೀಲಿ ನಡೆಸಬಾರದೆಂಬ ವಕೀಲರ ಪರಿಷತ್ತಿನ ನಿಯಮವು ಜನಪ್ರತಿನಿಧಿಗಳಿಗೆ ಅನ್ವಯಿಸದು ಎಂಬುದು ಆ ತೀರ್ಪಿನ ಸಾರ. ಅಧಿಕಾರದಲ್ಲಿರುವವರಿಗೇ ತಡೆಯಿಲ್ಲವೆಂದ ಮೇಲೆ ಮಾಜಿಗಳ ಮಾತೇನು? ಆದರೆ ನಮ್ಮ ಸಂವಿಧಾನವು ನ್ಯಾಯಾಧೀಶರ ವಿಷಯದಲ್ಲಿ ಇಷ್ಟು ಉದಾರವಾಗಿಲ್ಲ. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದವರು ಭಾರತದ ಯಾವ ನ್ಯಾಯಾಲಯದಲ್ಲಿಯೂ ವಾದಿಸುವಂತಿಲ್ಲವೆಂದು 124ನೆಯ ವಿಧಿಯು ಹೇಳುತ್ತದೆ. ಉಚ್ಚ ನ್ಯಾಯಾಲಯದ ಖಾಯಂ ನ್ಯಾಯಮೂರ್ತಿಯಾಗಿದ್ದವರು ತಾವು ಕುಳಿತಿದ್ದ ನ್ಯಾಯಾಲಯದಲ್ಲಿ ವಾದಿಸುವಂತಿಲ್ಲವೆಂದು 220ನೆಯ ವಿಧಿಯು ಕಟ್ಟುಮಾಡಿದೆ. ಪೀಠದ ಮೇಲೆ ಕುಳಿತಿದ್ದವನ ದನಿಗೆ ಪೀಠದ ಕೆಳಗೂ ಹೆಚ್ಚಿನ ತೂಕ ಬಂದೀತೆಂಬ ಎಚ್ಚರಿಕೆ ಅದರ ಹಿಂದಿದೆ. ಶಾಸಕನಾಗಿದ್ದವನ ದನಿಗೂ ಅಂಥದೇ ತೂಕವಿರುವುದಿಲ್ಲವೆ?

ಲಾಬಿಯ ವಿಷಯದಲ್ಲಂತೂ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. ಅಮೆರಿಕದಲ್ಲಿ 1995ರ ಕಾನೂನೊಂದರ ಪ್ರಕಾರ ಲಾಬಿಗಾರರು ನೋಂದಾಯಿಸಿಕೊಂಡು, ಯಾರಿಗಾಗಿ ಎಷ್ಟು ಹಣಕ್ಕೆ ಯಾವ ವಿಷಯದಲ್ಲಿ ಕೆಲಸ ಮಾಡಿದೆವೆಂದು ಬಹಿರಂಗಪಡಿಸಬೇಕು. 2007ರ ಇನ್ನೊಂದು ಕಾನೂನಿನಂತೆ ಸೆನೆಟ್ ಸದಸ್ಯರಾಗಿದ್ದವರು ಎರಡು ವರ್ಷ ಕಳೆಯುವವರೆಗೆ ಅಲ್ಲಿನ ಸಂಸತ್ತಿನಲ್ಲಿ ಲಾಬಿ ನಡೆಸುವಂತಿಲ್ಲ. 2012ರ ಕೊನೆಯಲ್ಲಿ ವಾಲ್‌ಮಾರ್ಟ್ ಕಂಪೆನಿಯು ಭಾರತದ ಮಾರುಕಟ್ಟೆಯ ಪ್ರವೇಶವೂ ಸೇರಿದಂತೆ ಹಲವು ವಿಷಯಗಳಿಗಾಗಿ ಲಾಬಿಗೆ ಹಣ ವೆಚ್ಚಮಾಡಿತ್ತೆಂಬ ಸಂಗತಿ ನಮ್ಮ ಸಂಸತ್ತಿನಲ್ಲಿ ಕೋಲಾಹಲವೆಬ್ಬಿಸಿತು. ಸರ್ಕಾರವು ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರಿಗೆ ವಿಚಾರಣೆಯ ಹೊಣೆ ಒಪ್ಪಿಸಿತು. ಆ ಸಂಗತಿ ಹೊರಬಿದ್ದದ್ದು ಅಮೆರಿಕದ ಸೆನೆಟ್‌ಗೆ ಸಲ್ಲಿಸಿದ ಕಾಗದಗಳಿಂದ ಎಂಬುದನ್ನು ಗಮನಿಸಬೇಕು. ನಮಗೆ ಸಂಬಂಧಿಸಿದ ಮಾತನ್ನು ನಾವು ಪರದೇಶದ ದಫ್ತರದಿಂದ ತಿಳಿಯಬೇಕಾಯಿತು. ಲಾಬಿಯ ವಿವರಗಳನ್ನು ಬಹಿರಂಗಪಡಿಸಬೇಕೆಂಬ ಖಾಸಗಿ ಮಸೂದೆಯೊಂದು 2013ರಲ್ಲಿ ಲೋಕಸಭೆಗೆ ಬಂದಿತಾದರೂ ಕಾನೂನಾಗಲಿಲ್ಲ.

ಹಾಗಾದರೆ ಪರರಿಗಾಗಿ ಸರ್ಕಾರದ ಬಾಗಿಲು ತಟ್ಟುವುದೇ ಪಾಪವೆ? ಖಂಡಿತ ಅಲ್ಲ. ನಮ್ಮ ಕಾಫಿ ಬೆಳೆಗಾರರ ಚರಿತ್ರೆಯೇ ಅದಕ್ಕೆ ಉತ್ತರ. 1942ರ ಕಾಫಿ ಕಾಯ್ದೆಯ ಅಡಿಯಲ್ಲಿ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಯುದ್ಧಕಾಲದಲ್ಲಿ ಮಾರುಕಟ್ಟೆ ಕುಸಿದಾಗ ಆಸರೆಯಾಗಿ ಬಂದ ವ್ಯವಸ್ಥೆಯು ಕಾಲಕ್ರಮದಲ್ಲಿ ಸಂಕೋಲೆಯೆನಿಸಿತು. ಬೆಳೆಗಾರರ ಸಂಘಟನೆಗಳು ಬೆಂಗಳೂರು, ದೆಹಲಿಗಳಿಗೆ ಅಲೆದು ಒತ್ತಾಯಿಸುತ್ತ ಬಂದವು. 1990ರ ದಶಕದಲ್ಲಿ ಪೂಲು ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಬೆಳೆಗಾರನು ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯ ಪಡೆದ. ಎರಡೆಕರೆಯವನಿಗೂ ಅದರಿಂದ ಪ್ರಯೋಜನವಾಯಿತು. ಬಹಿರಂಗವಾಗಿ, ವಾದ ಮುಂದಿಟ್ಟು, ಎಲ್ಲರೆದುರು ಕೇಳಿದ ಬೇಡಿಕೆ ಅದು. ಅಂಥದನ್ನು ಲಾಬಿಯೆಂದು ಕರೆದರೂ ನಾಚಬೇಕಾದ್ದಿಲ್ಲ.

ಈಗ ಇನ್ನೆರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 2022ರ ಡಿಸೆಂಬರ್‌ನಲ್ಲಿ ನಮ್ಮ ವಿಧಾನಮಂಡಲವು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ತೋಟದ ಬೆಳೆಯಿರುವ ಒತ್ತುವರಿ ಸರ್ಕಾರಿ ಭೂಮಿಯನ್ನು 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆಗೆ ಕೊಡಲು ದಾರಿ ಮಾಡಿತು. ಬೆಳೆಗಾರರ ವಾದದಲ್ಲಿ ಸತ್ವವಿಲ್ಲವೆನ್ನಲಾರೆವು. ತಲೆಮಾರುಗಳಿಂದ ಬೆವರು ಸುರಿಸಿ ಬೆಳೆಸಿದ ಗಿಡವನ್ನು ಕಿತ್ತೊಗೆಯುವುದರಿಂದ ಯಾರಿಗೂ ಲಾಭವಿಲ್ಲ. ನಮ್ಮ ಧರ್ಮಕೇಂದ್ರಗಳ ಹಲವು ಕುಟುಂಬಗಳು ಇದೇ ಚಿಂತೆಯಲ್ಲಿ ವರ್ಷಗಳನ್ನು ಕಳೆದಿವೆ. ಅದಕ್ಕೆ ಆರು ವರ್ಷ ಮೊದಲು, ಅದೇ ಡಿಸೆಂಬರ್ ತಿಂಗಳಲ್ಲಿ, ದಿಡ್ಡಳ್ಳಿಯ ಗುಡಿಸಲುಗಳು ನೆಲಕ್ಕುರುಳಿದ್ದವು. ಎರಡು ಕಡೆಯೂ ಮಾತು ಸರ್ಕಾರಿ ನೆಲದ ಮೇಲಿನ ಒತ್ತುವರಿಯದೇ. ಅರಣ್ಯ, ಕಂದಾಯ ಎಂಬ ಕಾನೂನಿನ ಭೇದಗಳು ಇಲ್ಲಿರುವುದು ನಿಜ. ಆದರೂ ಒಬ್ಬರಿಗೆ ಶಾಸನವೇ ಬದಲಾಯಿತು, ಇನ್ನೊಬ್ಬರ ಮನೆಗೆ ಯಂತ್ರ ಬಂದಿತು. ಒಬ್ಬರಿಗೆ ಸಂಘವಿತ್ತು, ಕಚೇರಿಯಿತ್ತು, ಮೊಗಸಾಲೆಯ ಪರಿಚಯವಿತ್ತು. ಇನ್ನೊಬ್ಬರಿಗೆ ಇಬ್ಬರು ಮುದುಕರು ಮತ್ತು ಒಂದಿಷ್ಟು ಯುವಕರು ಜತೆಯಾಗಬೇಕಾಯಿತು.

ದಿಡ್ಡಳ್ಳಿ ಕೊಡಗಿನದೆಂದು ನಾವು ಸುಮ್ಮನಿರುವಂತಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯು ಕಾರ್ಮಿಕರಿಗೆ ಮನೆ ಒದಗಿಸುವ ಹೊಣೆಯನ್ನು ತೋಟದ ಒಡೆಯರ ಮೇಲೆ ಹೊರಿಸಿತ್ತು. ಆದರೆ ಲೈನ್ ಮನೆಯು ಕೆಲಸವಿರುವವರೆಗಿನ ಮನೆ. ದುಡಿಯುವ ಕೈ ಸೋತ ದಿನ ಆ ಬಾಗಿಲೂ ಮುಚ್ಚಬಹುದೆಂಬ ಅಂಜಿಕೆಯಲ್ಲಿಯೇ ಸಕಲೇಶಪುರ, ಆಲೂರಿನ ಎಷ್ಟೋ ಕುಟುಂಬಗಳು ಬಾಳುತ್ತಿವೆ. ಇದರ ಮೇಲೆ ಕಾಡಾನೆಯ ಹಾವಳಿ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಸೆರೆಯ ಕಾರ್ಯಾಚರಣೆಯ ವೇಳೆ ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನನು ಮಡಿದಾಗ ನಾಡೇ ಮರುಗಿತು. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟು ಆನೆಯ ಕಾಲಿಗೆ ಸಿಕ್ಕ ಕೂಲಿಯವರ ಹೆಸರುಗಳನ್ನು ಅವರ ಊರಿನಾಚೆ ಎಷ್ಟು ಮಂದಿ ನೆನಪಿಟ್ಟಿದ್ದಾರೆ?

ಹೀಗೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಕೆಲ ವರ್ಷಗಳ ಹಿಂದೆ ನಮ್ಮ ಬಳಿ ಬಂದಳು. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ತಂದಿದ್ದ ಕಾಗದಗಳನ್ನು ಮೇಜಿನ ಮೇಲಿಟ್ಟು, "ಸ್ವಾಮಿ, ನೀವೊಂದು ಮಾತು ಹೇಳಿದರೆ ಆಗುತ್ತದಂತೆ" ಎಂದಳು. ನಾವು ಕಾಗದ ಬರೆದೆವು, ಬಲ್ಲವರೊಬ್ಬರಿಗೆ ದೂರವಾಣಿಯಲ್ಲಿ ತಿಳಿಸಿದೆವು. ಕೆಲಸವೂ ಆಯಿತು. ಆ ರಾತ್ರಿ ಜಪಸರ ಹಿಡಿದು ಕುಳಿತಾಗ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆಕೆಗೆ ಸಿಕ್ಕಿದ್ದು ಹಕ್ಕಿನಿಂದ ಬರಬೇಕಾಗಿದ್ದ ಪರಿಹಾರ. ನಾವು ಅದನ್ನು ವಶೀಲಿಯಿಂದ ಕೊಡಿಸಿದ್ದೆವು. ನಮ್ಮ ಪರಿಚಯವಿಲ್ಲದ, ನಮ್ಮ ದೇವಾಲಯಕ್ಕೆ ಬಾರದ ಇನ್ನೊಬ್ಬ ವಿಧವೆಯ ಕಾಗದ ಅದೇ ಮೇಜಿನ ಮೇಲೆ ಇನ್ನೂ ಕೆಳಗೆ ಹೋಗಿರಲಿಕ್ಕೂ ಸಾಕು. ಮಾಜಿ ಶಾಸಕರನ್ನು ಅಳೆಯಲು ಹೊರಟ ನಾವು ಮೊದಲು ನಮ್ಮನ್ನೇ ಅಳೆದುಕೊಳ್ಳಬೇಕಾಯಿತು.

ಈ ಗೊಂದಲದಲ್ಲಿ ನಮಗೆ ದಾರಿ ತೋರುವವರು ಸಂತ ತೋಮಸ್ ಅಕ್ವಿನಾಸರು. ಕಾನೂನೆಂದರೆ ಸಮುದಾಯದ ಹೊಣೆ ಹೊತ್ತವರು ಸರ್ವರ ಹಿತಕ್ಕಾಗಿ ವಿವೇಕದಿಂದ ವಿಧಿಸಿ ಪ್ರಕಟಿಸಿದ ಕಟ್ಟಳೆ ಎಂಬುದು ಅವರ ನಿರೂಪಣೆ. ತಮ್ಮ ಮಹಾಗ್ರಂಥದಲ್ಲಿ ಅವರು ವಕೀಲರ ಬಗೆಗೇ ಕೆಲವು ಪ್ರಶ್ನೆಗಳನ್ನು ಎತ್ತಿಕೊಂಡಿದ್ದಾರೆ. ವಕೀಲನು ಶುಲ್ಕ ಪಡೆಯಬಹುದೆ? ಪಡೆಯಬಹುದು, ಆದರೆ ಕಕ್ಷಿದಾರನ ಸ್ಥಿತಿಯನ್ನೂ ಕೆಲಸದ ಶ್ರಮವನ್ನೂ ನೋಡಿ ಮಿತವಾಗಿ. ಅನ್ಯಾಯವೆಂದು ತಿಳಿದೂ ಆ ಪಕ್ಷವನ್ನು ಸಮರ್ಥಿಸಬಹುದೆ? ಕೂಡದು, ತಿಳಿದು ಸಮರ್ಥಿಸಿದವನು ಆ ಅನ್ಯಾಯದಲ್ಲಿ ಪಾಲುದಾರ. ಬಡವರ ಪರವಾಗಿ ವಾದಿಸಲೇಬೇಕೆ? ಲೋಕದ ಬಡವರೆಲ್ಲರ ವ್ಯಾಜ್ಯವನ್ನು ಒಬ್ಬನೇ ಹೊರಲಾರ. ಆದರೆ ಕಣ್ಣೆದುರಿಗಿರುವ ಬಡವನಿಗೆ ಒದಗಲು ಬೇರೆ ಯಾರೂ ಇಲ್ಲವೆಂದಾಗ ಹಿಂಜರಿಯುವುದು ಕರ್ತವ್ಯಲೋಪ. ಅವರ ಕಾಲದಲ್ಲಿಯೇ ಜನಿಸಿ 1303ರಲ್ಲಿ ತೀರಿಕೊಂಡ ಬ್ರಿಟನಿಯ ಸಂತ ಐವೋ ಅವರು ಬಡವರ ವಕೀಲರೆಂದೇ ಹೆಸರಾಗಿ ವಕೀಲರ ಪಾಲಕ ಸಂತರೆನಿಸಿದರು.

ಸದನ, ನ್ಯಾಯಾಲಯ, ಲಾಬಿ ಮೂರನ್ನೂ ಕಂಡ ಸಂತರೂ ನಮಗಿದ್ದಾರೆ. ಇಂಗ್ಲೆಂಡಿನ ಸಂತ ತೋಮಸ್ ಮೋರ್ ಅವರು 1504ರಲ್ಲಿ ಸಂಸತ್ತಿನ ಸದಸ್ಯರಾಗಿದ್ದರು. ಲಂಡನ್ನಿನ ಹೆಸರಾಂತ ವಕೀಲರಾಗಿ ವರ್ತಕರ ಪರವಾಗಿ ಸಂಧಾನಗಳನ್ನು ನಡೆಸಿದರು. 1529ರಲ್ಲಿ ರಾಜ್ಯದ ಮಹಾಮಂತ್ರಿಯಾದರು. ತಮ್ಮ ಕಕ್ಷಿದಾರರಿಗಾಗಿ ಅಷ್ಟು ಮಾತನಾಡಿದ ಅವರು, ಅರಸನು ಮನಸ್ಸಾಕ್ಷಿಯನ್ನೇ ಕೇಳಿದಾಗ ಮೌನವಾದರು. 1535ರಲ್ಲಿ ಅವರ ಶಿರಚ್ಛೇದವಾಯಿತು. 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಸಾರಿದರು. ದನಿಯನ್ನು ಬಾಡಿಗೆಗೆ ಕೊಡಬಹುದು, ಮನಸ್ಸಾಕ್ಷಿಯನ್ನು ಕೊಡಲಾಗದು ಎಂಬುದನ್ನು ಅವರು ಪ್ರಾಣ ಕೊಟ್ಟು ತೋರಿಸಿದರು.

ಆದುದರಿಂದ ಮಾಜಿ ಶಾಸಕರೊಬ್ಬರು ಕಪ್ಪು ಕೋಟು ತೊಟ್ಟಾಗ ಅಥವಾ ಮಂತ್ರಿಗಳ ಕೋಣೆಗೆ ಕಡತ ಹಿಡಿದು ನಡೆದಾಗ ನಾವು ಕೇಳಬೇಕಾದುದು ಮೂರೇ ಪ್ರಶ್ನೆಗಳು. ಅವರು ಯಾರಿಗಾಗಿ ಮಾತನಾಡುತ್ತಿದ್ದಾರೆಂಬುದು ಎಲ್ಲರಿಗೂ ತಿಳಿದಿದೆಯೆ? ಅವರು ಬೇಡುತ್ತಿರುವುದು ಒಬ್ಬರ ಲಾಭಕ್ಕಾಗಿ ಇನ್ನೊಬ್ಬರ ಪಾಲನ್ನು ಕಸಿಯುತ್ತದೆಯೆ? ಶುಲ್ಕ ಕೊಡಲಾರದವನು ಬಾಗಿಲಿಗೆ ಬಂದಾಗಲೂ ಅವರಿಗೆ ದನಿಯಿರುತ್ತದೆಯೆ? ಈ ಮೂರಕ್ಕೂ ನೇರವಾಗಿ ಉತ್ತರಿಸಬಲ್ಲವರ ಪಕ್ಷ ಯಾವುದೇ ಇರಲಿ, ಅವರು ಗೌರವಕ್ಕೆ ಅರ್ಹರು.

ನಮ್ಮ ಧರ್ಮಕೇಂದ್ರಗಳಿಗೂ ಇಲ್ಲಿ ಕೆಲಸವಿದೆ. ಪ್ರತಿ ಜಿಲ್ಲೆಯಲ್ಲಿಯೂ ತಾಲ್ಲೂಕಿನಲ್ಲಿಯೂ ಕಾನೂನು ಸೇವಾ ವ್ಯವಸ್ಥೆಯಿದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಮೊದಲಾದವರಿಗೆ ಅಲ್ಲಿ ಉಚಿತವಾಗಿ ವಕೀಲರು ದೊರೆಯುತ್ತಾರೆ. ಇದನ್ನರಿಯದೆ ಜನರು ನಮ್ಮ ಶಿಫಾರಸು ಪತ್ರಕ್ಕಾಗಿ ಸಾಲುಗಟ್ಟುತ್ತಾರೆ. ನಮ್ಮಲ್ಲಿ ಓದಿದ ಯುವಕ ಯುವತಿಯರು ತಿಂಗಳಿಗೊಂದು ಭಾನುವಾರ ಕುಳಿತು ಅರ್ಜಿ ಬರೆದುಕೊಟ್ಟರೆ, ಜತೆಯಲ್ಲಿ ಕಚೇರಿಗೆ ಹೋಗಿ ಬಂದರೆ, ಧರ್ಮಗುರುವಿನ ದೂರವಾಣಿಯ ಕೆಲಸ ಅಷ್ಟು ಕಡಿಮೆಯಾಗುತ್ತದೆ. ಅವರು ಕೇಳಬೇಕಾದುದು ಹೆಸರು, ಊರು, ತೊಂದರೆ ಇಷ್ಟೇ. ಯಾವ ದೇವಾಲಯದವರೆಂದು ಕೇಳಬೇಕಾಗಿಲ್ಲ.

ಸಂತ ಯೊವಾನ್ನನು ಪವಿತ್ರಾತ್ಮರನ್ನು ಕರೆಯಲು ಬಳಸಿದ ಗ್ರೀಕ್ ಪದಕ್ಕೆ ಪಕ್ಕದಲ್ಲಿ ನಿಲ್ಲಲು ಕರೆಯಲ್ಪಟ್ಟವನು, ಎಂದರೆ ವಕೀಲ, ಎಂಬ ಅರ್ಥವಿದೆ. ದೇವರೇ ತಮಗೆ ಆರಿಸಿಕೊಂಡ ಹೆಸರುಗಳಲ್ಲಿ ಅದೂ ಒಂದು. ಅಂಗಳದಲ್ಲಿ ನಕ್ಕ ಆ ಹಿರಿಯರಿಗೆ ಅಂದು ನಮಗೆ ಉತ್ತರ ಹೊಳೆದಿರಲಿಲ್ಲ. ಇಂದು ಹೇಳುತ್ತೇವೆ: ಆ ವಿಧವೆಗೆ ಮಾಜಿ ಎಮ್ಮೆಲ್ಲೆಯ ಪರಿಚಯ ಇರಬೇಕಾಗಿರಲಿಲ್ಲ. ಆಕೆ ಆ ಬಾಗಿಲಿಗೆ ಎರಡನೆಯ ಸಲ ನಡೆದ ದಿನ, ಅದೇ ಊರಿನವರೊಬ್ಬರು ಆಕೆಯ ಪಕ್ಕದಲ್ಲಿ ನಡೆದಿದ್ದರೆ ಸಾಕಿತ್ತು.